ಎಣ್ಣೆಬಾವಿಯ ಕೆಸರಿನಲ್ಲಿ ಸಿಕ್ಕ ಕಾಲ

ಕೆಲಸಕ್ಕೆ ಸೇರಿದ ಮೊದಲ ವರ್ಷಗಳೆಲ್ಲ ನನಗೆ ಕೆಸರು ತೊಳೆಯುವುದರಲ್ಲೇ ಕಳೆದವು. ಬಾವಿ ಕೊರೆದಾಗ ಮೇಲೆ ಬಂದ ಕಲ್ಲಿನ ಚೂರುಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಬಿಟ್ಟು ತೊಳೆದು, ಒಣಗಿಸಿ, ಕರಿ ತಟ್ಟೆಗೆ ಉದುರಿಸಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದೆ. ಒದ್ದೆ ಕುಂಚದ ತುದಿಗೆ ಒಂದೊಂದೇ ಚಿಪ್ಪು ಅಂಟಿ ಬರುತ್ತಿತ್ತು. ಫೊರಾಮಿನಿಫೆರಾ: ಒಂದೇ ಜೀವಕೋಶದ ಕಡಲಜೀವಿ ಕಟ್ಟಿಕೊಂಡ ಮನೆ. ಬಹುಪಾಲು ರಾಗಿಕಾಳಿಗಿಂತ ಚಿಕ್ಕವು.

ಈ ಚಿಪ್ಪು ನೋಡಿ ಪದರದ ವಯಸ್ಸು ಹೇಳುವುದನ್ನೊಂದು ಕಸುಬಾಗಿ ನಿಲ್ಲಿಸಿದವರಲ್ಲಿ ಮೂವರು ಹೆಂಗಸರಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. 1920ರ ಆಸುಪಾಸಿನಲ್ಲಿ ಟೆಕ್ಸಸ್‌ನ ತೈಲ ಕಂಪನಿಗಳಲ್ಲಿ ದುಡಿಯುತ್ತಿದ್ದ ಎಸ್ತರ್ ರಿಚರ್ಡ್ಸ್, ಆಲ್ವಾ ಎಲಿಸರ್, ಹೆಡ್ವಿಗ್ ನೈಕರ್. ಅಲ್ಲಿನ ಕರಾವಳಿಯ ಕೆಳಗೆ ಸಾವಿರಾರು ಅಡಿ ಜೇಡಿ, ಮರಳು. ಒಂದು ಪದರ ಇನ್ನೊಂದರಂತೆಯೇ ಕಾಣುತ್ತದೆ. ದೊಡ್ಡ ಚಿಪ್ಪು ನೋಡಿ ವಯಸ್ಸು ಹೇಳೋಣವೆಂದರೆ ಕೊರೆಯುವ ಬಿಟ್ ಅವನ್ನು ಪುಡಿಗಟ್ಟುತ್ತಿತ್ತು. ಇಡಿಯಾಗಿ ಉಳಿದು ಬಂದವು ಈ ಪುಟ್ಟವು ಮಾತ್ರ.

1921ರಲ್ಲಿ ಅಮೆರಿಕದ ಆಮ್ಹರ್ಸ್ಟ್‌ನಲ್ಲಿ ನಡೆದ ಭೂವಿಜ್ಞಾನಿಗಳ ಸಭೆಯಲ್ಲಿ, ಈ ಪುಟ್ಟ ಚಿಪ್ಪುಗಳಿಂದಲೇ ಪದರದ ವಯಸ್ಸು ಹೇಳಬಹುದೆಂಬ ಮಾತನ್ನು ಎಸ್ತರ್ ಮುಂದಿಟ್ಟಾಗ ವಿದ್ವಾಂಸರೊಬ್ಬರು ಎಲ್ಲರೆದುರು ಹಂಗಿಸಿದರು. ಆಕೆಗೆ ಆಗ 26 ವರ್ಷ. ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. 1925ರಲ್ಲಿ ಮೂವರ ಹೆಸರಿನಲ್ಲಿ ಪ್ರಬಂಧ ಬಂತು. ಮದುವೆಯಾಗಿದ್ದ ಎಸ್ತರ್ ಅದರಲ್ಲಿ ಎಸ್ತರ್ ಆಪ್ಲಿನ್. ಒಂದೇ ಬಗೆಯಾಗಿ ಕಾಣುತ್ತಿದ್ದ ಜೇಡಿಯನ್ನು ಅವರು ಡಿಸ್ಕಾರ್ಬಿಸ್, ಹೆಟರೊಸ್ಟೆಜೀನಾ, ಮಾರ್ಜಿನುಲೀನಾ ಎಂದು ಚಿಪ್ಪುಗಳ ಹೆಸರಿನಲ್ಲೇ ವಲಯಗಳಾಗಿ ವಿಂಗಡಿಸಿದರು.

ಕೂತು ಆರಿಸಿದವರಿಗೆ ಗೊತ್ತು, ಬಾವಿಯ ಕೆಸರನ್ನು ಪೂರ್ತಿ ನಂಬುವಂತಿಲ್ಲ. ಗೋಡೆ ಕುಸಿದು ಮೇಲಿನ ಚೂರು ಕೆಳಗಿನದರ ಜೊತೆ ಬೆರೆತಿರುತ್ತದೆ. ಆದ್ದರಿಂದ ಕೊರೆತ ಇಳಿಯುತ್ತ ಹೋದಂತೆ ಒಂದು ಜಾತಿ ಮೊದಲ ಸಲ ಕಂಡ ಆಳವನ್ನಷ್ಟೇ ಗಟ್ಟಿಯಾಗಿ ಹಿಡಿಯಬೇಕು. ಆ ಜಾತಿ ಅಲ್ಲಿ ಕಡೆಯದಾಗಿ ಬದುಕಿದ್ದ ಹೊತ್ತು ಅದು.

ವಲಯಗಳಿಗೆ ಹೆಸರು ಕೊಟ್ಟ ಆ ಮೂರು ಚಿಪ್ಪುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಹೆಟರೊಸ್ಟೆಜೀನಾ. ಕಾಸಿನಂತೆ ಚಪ್ಪಟೆ, ಒಳಗೆ ಸಾಲು ಸಾಲು ಕೋಣೆ. ಈಗ ಬದುಕಿರುವ ಅದರ ಬಂಧುಗಳು ಮೈಯೊಳಗೆ ಪಾಚಿ ಸಾಕಿಕೊಳ್ಳುತ್ತವೆ. ಪಾಚಿಗೆ ಬಿಸಿಲು ಬೇಕು. ಅಂದಮೇಲೆ ಅದು ಸಿಕ್ಕಲ್ಲಿ ಕಡಲು ಬೆಚ್ಚಗೆ, ತಿಳಿಯಾಗಿ, ಬೆಳಕು ತಳ ಮುಟ್ಟುವಂತಿತ್ತು. ಅಂಥ ಕಡಲಿನಲ್ಲಿ ಬೆಳೆದ, 2 ಕೋಟಿ ವರ್ಷಕ್ಕೂ ಹಿಂದಿನ ಹವಳದ ದಿಬ್ಬಗಳು ಟೆಕ್ಸಸ್‌ನ ನೆಲದಡಿ ಇವೆಯೆಂದು ಎಲಿಸರ್ 1926ರಲ್ಲಿ ಬರೆದರು. ಟೆಕ್ಸಸ್‌ನ ಡೇಮನ್ ಮೌಂಡ್ ಎಂಬ ಗುಡ್ಡದಲ್ಲಿ ಆಳದ ಉಪ್ಪು ಕೆಳಗಿನಿಂದ ಒತ್ತಿ ಆ ಹವಳದ ಸುಣ್ಣಕಲ್ಲನ್ನು ಮೇಲೆತ್ತಿದೆ. ಅಲ್ಲಿನ ಕ್ವಾರಿಯಲ್ಲಿ ಹವಳವನ್ನು ಕೈಯಿಂದಲೇ ಮುಟ್ಟಬಹುದಿತ್ತು.