ಕಾರ್ನೆಟ್ ಕುರ್ಚಿಯಿಂದ ತೀರ್ಪುಗಾರರ ಡೇರೆಗೆ

ಬ್ರಿಟನ್ನಿನ ಬ್ರಾಸ್ ಬ್ಯಾಂಡ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬ್ಯಾಂಡಿನ ಮುಖ ನೋಡುವುದಿಲ್ಲ. ಸಭಾಂಗಣದ ನಡುವೆ ಬಟ್ಟೆಯಿಂದ ಮುಚ್ಚಿದ ಗೂಡಿನಲ್ಲಿ ಸ್ವರಲಿಪಿ, ಕಾಗದ, ಪೆನ್ನು ಇಟ್ಟುಕೊಂಡು ಕೂರುತ್ತಾರೆ; ಕಿವಿಗೆ ಬಿದ್ದದ್ದಕ್ಕಷ್ಟೇ ಅಂಕ ಕೊಡುತ್ತಾರೆ. ಹಾಗೆ ಕೂರುವವರಲ್ಲಿ ಬಹಳಷ್ಟು ಮಂದಿ ಹಿಂದೆ ಅಂಥದೇ ವೇದಿಕೆಯ ಮೇಲೆ ಕಾರ್ನೆಟ್ಟನ್ನೋ ಯೂಫೋನಿಯಮ್ಮನ್ನೋ ಹಿಡಿದು ಎದೆಬಡಿತದೊಂದಿಗೆ ಕಾದಿದ್ದವರೇ. ಮೊದಲು ವಾದಕ, ಆಮೇಲೆ ಬ್ಯಾಂಡ್‌ಮಾಸ್ಟರ್, ಕೊನೆಗೆ ತೀರ್ಪುಗಾರ ಎಂಬ ಈ ದಾರಿ ಆರಂಭದಿಂದ ಇದ್ದದ್ದಲ್ಲ. ಅದು ಸವೆದು ಹಾದಿಯಾಗಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು.

ಕರ್ನಾಟಕದ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್, ಸ್ಯಾಕ್ಸೋಫೋನುಗಳೂ ಇರುತ್ತವೆ. ಬ್ರಿಟನ್ನಿನ ಬ್ರಾಸ್ ಬ್ಯಾಂಡಿನಲ್ಲಿ ಇವಕ್ಕೆ ಜಾಗವಿಲ್ಲ. ಕಾರ್ನೆಟ್, ಫ್ಲೂಗೆಲ್‌ಹಾರ್ನ್, ಟೆನರ್ ಹಾರ್ನ್, ಬ್ಯಾರಿಟೋನ್, ಯೂಫೋನಿಯಂ, ಟ್ರಾಂಬೋನ್, ಟ್ಯೂಬಾ ಹಿಡಿದ ಸುಮಾರು 25 ಮಂದಿ, ಜೊತೆಗೆ ತಾಳವಾದ್ಯದವರು: ಇಷ್ಟೇ ಮೇಳ. 1840ರ ದಶಕದಲ್ಲಿ ಕವಾಟವಿರುವ ವಾದ್ಯಗಳು ಅಗ್ಗವಾದವು. ಡಿಸ್ಟಿನ್ ಎಂಬ ವಾದಕ ಕುಟುಂಬದವರು ಊರೂರು ಸುತ್ತಿ ಅಂಥದೊಂದು ವಾದ್ಯವಾದ ಸ್ಯಾಕ್ಸ್‌ಹಾರ್ನನ್ನು ಜನಪ್ರಿಯ ಮಾಡಿದರು. ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಗಿರಣಿ ಮತ್ತು ಗಣಿಯ ಊರುಗಳಲ್ಲಿ ಕೆಲಸಗಾರರು ಸಂಜೆ ಪಾಳಿ ಮುಗಿಸಿ ಬಂದು ಅಭ್ಯಾಸಕ್ಕೆ ಕೂರತೊಡಗಿದರು. ವಾದ್ಯಗಳ ಖರ್ಚನ್ನು ಹಲವೆಡೆ ಮಾಲೀಕರೇ ಭರಿಸಿದರು. ಕ್ವೀನ್ಸ್‌ಬರಿಯ ಜಾನ್ ಫಾಸ್ಟರ್ ಗಿರಣಿಯ ಆಸರೆಯಲ್ಲಿ 1855ರಲ್ಲಿ ರೂಪುಗೊಂಡ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್ ಇಂದಿಗೂ ಮುಂಚೂಣಿಯಲ್ಲಿದೆ.

ಬ್ಯಾಂಡುಗಳು ಹುಟ್ಟಿದ ಬೆನ್ನಿಗೇ ಪೈಪೋಟಿ ಹುಟ್ಟಿತು. 1845ರಲ್ಲಿ ಯಾರ್ಕ್‌ಷೈರಿನ ಬರ್ಟನ್ ಕಾನ್‌ಸ್ಟಬಲ್ ಎಂಬಲ್ಲಿ ನಡೆದ ಸ್ಪರ್ಧೆಯಲ್ಲಿ ಒಂದು ಬ್ಯಾಂಡಿಗೆ 12 ಮಂದಿಯ ಮಿತಿಯಿತ್ತು, ಡ್ರಮ್ಮಿಗೆ ಅವಕಾಶವಿರಲಿಲ್ಲ. ಆಗ ಹದಿಹರೆಯದವರಾಗಿದ್ದ ಹಲ್ ನಗರದ ಎಂಡರ್ಬಿ ಜಾಕ್ಸನ್ ಮುಂದೆ ಸ್ಪರ್ಧೆಗಳನ್ನೇ ಉದ್ಯಮವಾಗಿಸಿದರು. ರೈಲು ಕಂಪನಿಗಳೊಂದಿಗೆ ಮಾತಾಡಿ ಅಗ್ಗದ ವಿಹಾರದ ರೈಲುಗಳನ್ನು ಓಡಿಸಿದರು. 1853ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೃಗಾಲಯದ ಉದ್ಯಾನದಲ್ಲಿ ಮೊದಲ ದೊಡ್ಡ ಸ್ಪರ್ಧೆ ನಡೆಯಿತು. ಎಂಟು ಬ್ಯಾಂಡುಗಳು ಬಂದವು. ಮಾಸ್ಲಿ ಊರಿನ ಪಾನನಿರೋಧಿ ಸ್ಯಾಕ್ಸ್‌ಹಾರ್ನ್ ಬ್ಯಾಂಡ್ ಗೆದ್ದಿತು. ಆಗ ಒಬ್ಬೊಬ್ಬರು ತಮಗಿಷ್ಟವಾದದ್ದನ್ನು ನುಡಿಸುತ್ತಿದ್ದರು. ಹಗುರವಾದ ಕೃತಿಯನ್ನು ಅಂದವಾಗಿ ನುಡಿಸಿದವರನ್ನೂ ಕಠಿಣವಾದದ್ದಕ್ಕೆ ಕೈಹಾಕಿ ಅಲ್ಲಲ್ಲಿ ಎಡವಿದವರನ್ನೂ ಯಾವ ತಕ್ಕಡಿಯಲ್ಲಿ ತೂಗುವುದು? 1855ರಲ್ಲಿ ಎಲ್ಲರೂ ನುಡಿಸಲೇಬೇಕಾದ ನಿಗದಿತ ಕೃತಿಯೊಂದು ಬಂದಾಗ ತೀರ್ಪುಗಾರರ ಕೆಲಸಕ್ಕೆ ಒಂದು ಗಟ್ಟಿ ನೆಲ ಸಿಕ್ಕಿತು. ಇಡೀ ವೃತ್ತಿ ಇವತ್ತಿಗೂ ನಿಂತಿರುವುದು ಆ ನೆಲದ ಮೇಲೆಯೇ.

ಮೊದಲ ತಲೆಮಾರಿನ ತೀರ್ಪುಗಾರರು ಹೊರಗಿನವರು: ಸೈನ್ಯದ ಬ್ಯಾಂಡ್‌ಮಾಸ್ಟರುಗಳು, ಚರ್ಚಿನ ಆರ್ಗನ್ ವಾದಕರು, ಆರ್ಕೆಸ್ಟ್ರಾದ ವಿದ್ವಾಂಸರು. ರಾಯಲ್ ಹಾರ್ಸ್ ಗಾರ್ಡ್ಸ್ ದಳದ ಚಾರ್ಲ್ಸ್ ಗಾಡ್‌ಫ್ರೆ ಬೆಲ್ ವ್ಯೂ ಸ್ಪರ್ಧೆಗೆ ಒಪೆರಾಗಳಿಂದ ಕೃತಿಗಳನ್ನು ಅಳವಡಿಸಿಕೊಡುತ್ತಿದ್ದರು, ದೀರ್ಘಕಾಲ ಅಲ್ಲೇ ತೀರ್ಪನ್ನೂ ಕೊಟ್ಟರು. ಹೊರಗಿನವರನ್ನು ಕರೆಸುವುದರಲ್ಲಿ ಒಂದು ವಿವೇಕವಿತ್ತು. ಲಂಡನ್ನಿನಿಂದ ಬಂದ ಸೈನ್ಯಾಧಿಕಾರಿಗೆ ಪಕ್ಕದೂರಿನ ಗಿರಣಿಯ ಮೇಲೆ ಪ್ರೀತಿಯೂ ಇಲ್ಲ, ಹಗೆಯೂ ಇಲ್ಲ. ಆದರೆ ಕೊರತೆಯೂ ಇತ್ತು. ಕ್ಲಾರಿನೆಟ್ಟುಗಳಿಂದ ತುಂಬಿದ ಸೈನ್ಯದ ಬ್ಯಾಂಡಿಗೆ ಹೊಂದಿಕೊಂಡ ಕಿವಿಗೆ ಬರೀ ಹಿತ್ತಾಳೆಯ ಮೇಳದ ಸೂಕ್ಷ್ಮಗಳು, ಅಂದರೆ ಹಿಂದಿನ ಸಾಲಿನ ಕಾರ್ನೆಟ್ಟಿನ ಉಸಿರು, ಬ್ಯಾರಿಟೋನು ಮತ್ತು ಯೂಫೋನಿಯಮ್ಮುಗಳ ನಾದದ ಬೆಸುಗೆ, ಅಷ್ಟು ಸುಲಭವಾಗಿ ಒಲಿಯುವಂಥವಲ್ಲ. ಸೋತ ಬ್ಯಾಂಡಿನವರ ಗೊಣಗಾಟಕ್ಕೆ ಇದೂ ಒಂದು ಕಾರಣವಾಯಿತು. ಹತ್ತೊಂಬತ್ತನೇ ಶತಮಾನದ ಸ್ಪರ್ಧೆಗಳಲ್ಲಿ ಫಲಿತಾಂಶ ಕೇಳಿದ ಮೇಲೆ ತೀರ್ಪುಗಾರರನ್ನು ಜನ ಹೀಯಾಳಿಸಿದ್ದು, ಅಟ್ಟಿಸಿಕೊಂಡು ಹೋದದ್ದು ಉಂಟು. ಬಹುಮಾನದ ಹಣವೊಂದೇ ಅಲ್ಲ, ಊರಿನ ಮಾನವೂ ಪಣದಲ್ಲಿತ್ತು ಎಂಬುದನ್ನು ನೆನೆದರೆ ಆ ಸಿಟ್ಟು ಅರ್ಥವಾಗುತ್ತದೆ.

ತೀರ್ಪುಗಾರರು ಕೂರುವ ಆ ಬಟ್ಟೆಯ ಡೇರೆ ಬಂದದ್ದು ಪಕ್ಷಪಾತದ ಅನುಮಾನಕ್ಕೆ ಉತ್ತರವಾಗಿ. ನುಡಿಸುವ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡುವುದು, ಬ್ಯಾಂಡುಗಳಿಗೆ ಹೆಸರಿನ ಬದಲು ಸಂಖ್ಯೆ ಕೊಡುವುದು, ತೀರ್ಪುಗಾರರನ್ನು ಕಣ್ಮರೆಯಲ್ಲಿ ಕೂರಿಸುವುದು, ಅವರು ಸಿದ್ಧರಾದಾಗ ಒಳಗಿನಿಂದ ಸೀಟಿ ಊದುವುದು: ಈ ಪದ್ಧತಿಗಳು ಬಹುಪಾಲು ಇಂದಿಗೂ ಹಾಗೆಯೇ ಇವೆ. ಹೊರಗಿನವರಷ್ಟೇ ನಿಷ್ಪಕ್ಷಪಾತಿಗಳಾಗಬಲ್ಲರು ಎಂಬ ನಂಬಿಕೆಯನ್ನು ಡೇರೆಯ ಬಟ್ಟೆ ಸಡಿಲಿಸಿತು. ನುಡಿಸುತ್ತಿರುವವರು ಯಾರೆಂದು ಕಾಣದಿದ್ದ ಮೇಲೆ ಒಳಗಿನವರೇ ತೀರ್ಪು ಕೊಡಬಹುದು. ಬ್ಯಾಂಡಿನವರಿಗೆ ತೀರ್ಪಿನ ಬಾಗಿಲು ತೆರೆದ ಕಾರಣಗಳಲ್ಲಿ ಇದೇ ದೊಡ್ಡದು.

ಇನ್ನೊಂದು ಕಾರಣ ಜೀವನೋಪಾಯ. 1870ರಿಂದ ಮುಂದಕ್ಕೆ ಜಾನ್ ಗ್ಲ್ಯಾಡ್ನಿ, ಎಡ್ವಿನ್ ಸ್ವಿಫ್ಟ್, ಅಲೆಕ್ಸಾಂಡರ್ ಓವೆನ್ ಎಂಬ ಮೂವರು ಉತ್ತರ ಇಂಗ್ಲೆಂಡಿನ ಬ್ಯಾಂಡುಗಳನ್ನು ತಿದ್ದಿ ತೀಡಿದರು. ಗ್ಲ್ಯಾಡ್ನಿ ಹ್ಯಾಲೆ ಆರ್ಕೆಸ್ಟ್ರಾದ ಕ್ಲಾರಿನೆಟ್ ವಾದಕ. 1876, 1877, 1878ರಲ್ಲಿ ಮೆಲ್ಥಮ್ ಮಿಲ್ಸ್ ಬ್ಯಾಂಡನ್ನು ಬೆಲ್ ವ್ಯೂನಲ್ಲಿ ಸತತವಾಗಿ ಗೆಲ್ಲಿಸಿದರು. ಸ್ವಿಫ್ಟ್ ನೇಕಾರರಾಗಿದ್ದವರು, ಓವೆನ್ ಕಾರ್ನೆಟ್ ವಾದಕರು. ಇಂಥ ತರಬೇತುದಾರರು ವಾರದ ಒಂದೊಂದು ಸಂಜೆ ಒಂದೊಂದು ಊರಿಗೆ ಹೋಗಿ ಕಲಿಸುತ್ತಿದ್ದರು. ಒಂದೇ ಸ್ಪರ್ಧೆಯಲ್ಲಿ ಹಲವು ಬ್ಯಾಂಡುಗಳನ್ನು ತಾವೇ ನಡೆಸುತ್ತಿದ್ದರು. ಅವರ ಹಿಂದೆಯೇ ನೂರಾರು ಸಣ್ಣ ತರಬೇತುದಾರರ ಪಡೆ ಬೆಳೆಯಿತು. ಲಿವರ್‌ಪೂಲಿನಿಂದ 1881ರಲ್ಲಿ ಹೊರಟ ‘ಬ್ರಾಸ್ ಬ್ಯಾಂಡ್ ನ್ಯೂಸ್’, 1887ರಲ್ಲಿ ಶುರುವಾದ ‘ಬ್ರಿಟಿಷ್ ಬ್ಯಾಂಡ್ಸ್‌ಮನ್’ ಪತ್ರಿಕೆಗಳಲ್ಲಿ ಅವರ ಪುಟ್ಟ ಜಾಹೀರಾತುಗಳು ಬರುತ್ತಿದ್ದವು: ಹೆಸರು, ಊರು, ಬ್ಯಾಂಡ್ ಶಿಕ್ಷಕರು ಮತ್ತು ಸ್ಪರ್ಧಾ ತೀರ್ಪುಗಾರರು. ಕಲಿಸುವುದು, ನಡೆಸುವುದು, ತೂಗುವುದು ಒಂದೇ ಅಂಗಡಿಯ ಸರಕಾದವು. ಅದೇ ಪತ್ರಿಕೆಗಳು ತೀರ್ಪುಗಾರರ ಟಿಪ್ಪಣಿಗಳನ್ನೂ ಅಚ್ಚುಹಾಕುತ್ತಿದ್ದುದರಿಂದ, ಹಳ್ಳಿಯ ಕಾರ್ನೆಟ್ ವಾದಕನಿಗೂ ತಪ್ಪು ಎಲ್ಲಾಯಿತು, ಏಕಾಯಿತು ಎಂದು ಓದಿ ತಿಳಿಯುವ ಅವಕಾಶವಾಯಿತು. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಸಾವಿರಾರು ಕೆಲಸಗಾರರಿಗೆ ಆ ಟಿಪ್ಪಣಿಗಳೇ ಪಠ್ಯಪುಸ್ತಕ. ತೀರ್ಪಿನ ವೃತ್ತಿ ಮಾಡಿದ ಅತ್ಯಂತ ಬೆಲೆಬಾಳುವ ಕೆಲಸ ಇದು.

1900ರಲ್ಲಿ ಜಾನ್ ಹೆನ್ರಿ ಐಲ್ಸ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆರಂಭಿಸಿದಾಗ ಸ್ಪರ್ಧೆಯ ಕಳೆ ಇನ್ನೂ ಏರಿತು. ಅಲ್ಲಿ 1905ರಿಂದ 1909ರವರೆಗೆ ಐದು ವರ್ಷ ಗೆದ್ದ ಬ್ಯಾಂಡುಗಳನ್ನೆಲ್ಲ ನಡೆಸಿದವರು ಸೌತ್‌ಪೋರ್ಟಿನ ವಿಲಿಯಂ ರಿಮ್ಮರ್. ಬ್ಯಾಂಡ್‌ಮಾಸ್ಟರರ ಮಗನಾದ ರಿಮ್ಮರ್, 1909ರಲ್ಲಿ ಗೆಲುವಿನ ತುದಿಯಲ್ಲಿರುವಾಗಲೇ ಸ್ಪರ್ಧೆಯ ಕೋಲನ್ನು ಕೆಳಗಿಟ್ಟು ರಚನೆ, ಸಂಪಾದನೆಗಳತ್ತ ತಿರುಗಿದರು. ಅವರ ಸಮಕಾಲೀನರಾದ, ಎಡಿನ್‌ಬರೋದಲ್ಲಿ ಹುಟ್ಟಿದ ಜೇಮ್ಸ್ ಆರ್ಡ್ ಹ್ಯೂಮ್ ಮಾರ್ಚ್‌ಗಳನ್ನು ಬರೆದು ಹೆಸರಾದವರು. ತೀರ್ಪುಗಾರರಾಗಿ ಬ್ರಿಟನ್ನಿನ ಉದ್ದಗಲ ಸುತ್ತಿದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಹಡಗೇರಿ ಆಸ್ಟ್ರೇಲಿಯಾದ ಬ್ಯಾಲರಾಟಿನ ಸೌತ್ ಸ್ಟ್ರೀಟ್ ಸ್ಪರ್ಧೆಗೂ ಹೋದರು. ಸಾಮ್ರಾಜ್ಯದ ಇನ್ನೊಂದು ತುದಿಯ ಚಿನ್ನದ ಗಣಿಯೂರು ತನ್ನ ಬ್ಯಾಂಡುಗಳನ್ನು ತೂಗಲು ಇಂಗ್ಲೆಂಡಿನಿಂದ ಒಬ್ಬರನ್ನು ಕರೆಸಿಕೊಳ್ಳುತ್ತಿತ್ತು ಎಂದರೆ, ಆ ಹೊತ್ತಿಗೆ ಈ ಕಸುಬಿಗೆ ಬಂದಿದ್ದ ತೂಕ ತಿಳಿಯುತ್ತದೆ.

ಅದೇ ಬ್ಯಾಲರಾಟಿನ ಸೀಮೆ ಮುಂದೆ ಸಾಲವನ್ನು ಬಡ್ಡಿಸಮೇತ ತೀರಿಸಿತು. ಅಲ್ಲಿಗೆ ಹತ್ತಿರದ ಸ್ಮೀಟನ್ನಿನಲ್ಲಿ 1901ರಲ್ಲಿ ಹುಟ್ಟಿದ ಫ್ರ್ಯಾಂಕ್ ರೈಟ್ ಕಾರ್ನೆಟ್ ವಾದನದಲ್ಲಿ ಆಸ್ಟ್ರೇಲಿಯಾದ ಚಾಂಪಿಯನ್ ಆದರು, ಬ್ಯಾಂಡ್ ನಡೆಸಿದರು, 1930ರ ದಶಕದಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದರು. ಲಂಡನ್ನಿನ ಉದ್ಯಾನಗಳ ಸಂಗೀತದ ಹೊಣೆ ಹೊತ್ತರು, ಗಿಲ್ಡ್‌ಹಾಲ್ ಶಾಲೆಯಲ್ಲಿ ಕಲಿಸಿದರು. ಬರ್ಲಿಯೋಜ್ ಮೊದಲಾದವರ ಆರ್ಕೆಸ್ಟ್ರಾ ಕೃತಿಗಳನ್ನು ಬ್ಯಾಂಡಿಗೆ ಹೊಂದಿಸಿ ಬರೆದರು; ಅವುಗಳಲ್ಲಿ ಹಲವು ಸ್ಪರ್ಧೆಯ ನಿಗದಿತ ಕೃತಿಗಳಾದವು. 1970ರಲ್ಲಿ ತೀರಿಕೊಳ್ಳುವವರೆಗೆ ಅವರು ಬ್ರಿಟನ್ನಿನ ಅತ್ಯಂತ ಬೇಡಿಕೆಯ ತೀರ್ಪುಗಾರರಲ್ಲಿ ಒಬ್ಬರು. ವಾದಕರೇ ನಿರ್ದೇಶಕರಾಗಿ, ಅಳವಡಿಕೆಗಾರರಾಗಿ, ತೀರ್ಪುಗಾರರಾಗುವ ದಾರಿಯನ್ನು ಇಷ್ಟು ಪೂರ್ತಿಯಾಗಿ ನಡೆದವರು ವಿರಳ.

ಈ ದಾರಿಗೆ ಇನ್ನೊಂದು ದಿಕ್ಕಿನಿಂದ ಬಂದವರು ಎರಿಕ್ ಬಾಲ್. ಅವರು ಬೆಳೆದದ್ದು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ಬ್ಯಾಂಡುಗಳಲ್ಲಿ. ಭಕ್ತಿಗಾಗಿ ನುಡಿಸುವ ಆ ಬ್ಯಾಂಡುಗಳು ಸ್ಪರ್ಧೆಗೆ ಇಳಿಯುವಂತಿರಲಿಲ್ಲ. 1944ರಲ್ಲಿ ಆ ಸಂಸ್ಥೆಯಿಂದ ಹೊರಬಂದ ಬಾಲ್ 1946ರಲ್ಲಿ ಬ್ರಿಗ್‌ಹೌಸ್ ಅಂಡ್ ರಾಸ್ಟ್ರಿಕ್ ಬ್ಯಾಂಡಿಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. 1950ರ ಬೆಲ್ ವ್ಯೂ ಸ್ಪರ್ಧೆಗೆ ಅವರು ಬರೆದ ‘ರಿಸರ್ಗಮ್’ ಈಗಲೂ ನುಡಿಸಲ್ಪಡುವ ಕೃತಿ. ತೀರ್ಪುಗಾರರಾಗಿ ಕೂತಾಗಲೂ ಕೈಚಳಕಕ್ಕಿಂತ ನಾದಶುದ್ಧಿಗೆ, ಭಾವಕ್ಕೆ ಕಿವಿಗೊಡುವ ಬಗೆಯವರು ಅವರು. ಕಾರ್ನೆಟ್ಟಿನ ಬಾಲಪ್ರತಿಭೆಯಾಗಿ ಬೆಳೆದ ಹ್ಯಾರಿ ಮಾರ್ಟಿಮರ್ ಫೋಡೆನ್ಸ್ ಬ್ಯಾಂಡಿನ ಮುಖ್ಯ ಕಾರ್ನೆಟ್ ವಾದಕರಾಗಿದ್ದು, 1942ರಲ್ಲಿ ಬಿಬಿಸಿಯ ಬ್ಯಾಂಡ್ ವಿಭಾಗದ ಮೇಲ್ವಿಚಾರಕರಾದರು. ಯಾವ ಬ್ಯಾಂಡ್ ರೇಡಿಯೋದಲ್ಲಿ ಕೇಳಿಸಬೇಕೆಂಬ ತೀರ್ಮಾನ ಅವರ ಕೈಯಲ್ಲಿತ್ತು. ಅದೂ ಒಂದು ಬಗೆಯ ತೀರ್ಪೇ.

ತೀರ್ಪುಗಾರರಿಗೆ ಬೇಕಾದ ವಿದ್ಯೆ ಹೆಚ್ಚುತ್ತಾ ಹೋದದ್ದಕ್ಕೆ ಕೃತಿಗಳೇ ಕಾರಣ. 1913ರವರೆಗೆ ರಾಷ್ಟ್ರೀಯ ಸ್ಪರ್ಧೆಯ ಕೃತಿಗಳಲ್ಲಿ ಹೆಚ್ಚಿನವು ಒಪೆರಾ ರಾಗಗಳ ಸರಮಾಲೆ. ಆ ವರ್ಷ ಪರ್ಸಿ ಫ್ಲೆಚರ್ ಬ್ಯಾಂಡಿಗೆಂದೇ ‘ಲೇಬರ್ ಅಂಡ್ ಲವ್’ ಬರೆದರು. 1928ರಲ್ಲಿ ಹೋಲ್ಸ್ಟ್, 1930ರಲ್ಲಿ ಎಲ್ಗರ್, 1932ರಲ್ಲಿ ಜಾನ್ ಐರ್ಲೆಂಡ್ ಕೃತಿ ಕೊಟ್ಟರು. ಪರಿಚಿತ ರಾಗವನ್ನು ಕೇಳಿ ಸರಿತಪ್ಪು ಹೇಳುವುದು ಒಂದು. ಯಾರೂ ಕೇಳದ ಹೊಸ ಕೃತಿಯ ಒಳಗಟ್ಟನ್ನು ಸ್ವರಲಿಪಿಯಿಂದಲೇ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದು, ಇಪ್ಪತ್ತು ಬ್ಯಾಂಡುಗಳ ಇಪ್ಪತ್ತು ವ್ಯಾಖ್ಯಾನಗಳನ್ನು ಅದರ ಎದುರಿಗಿಟ್ಟು ನೋಡುವುದು ಇನ್ನೊಂದು. 1975ರಲ್ಲಿ ಎಲ್ಗರ್ ಹೋವರ್ತ್ ಬೆಲ್ ವ್ಯೂಗೆ ಬರೆದ ‘ಫೈರ್‌ವರ್ಕ್ಸ್’ ಬ್ಯಾಂಡ್ ಲೋಕವನ್ನೇ ಎರಡಾಗಿಸಿತು. ಅಂಥ ಕೃತಿಯಲ್ಲಿ ಹಳೆಯ ಅಳತೆಗೋಲು ಸಾಲದೆಂಬುದು ತೀರ್ಪುಗಾರರಿಗೂ ಮನದಟ್ಟಾಯಿತು.

ಕೆಲಸದ ದಿನಚರಿ ಮಾತ್ರ ಹೆಚ್ಚು ಬದಲಾಗಿಲ್ಲ. ರಾಷ್ಟ್ರೀಯ ಸ್ಪರ್ಧೆಗೆ 1945ರಿಂದ ನಡೆಯುತ್ತಿರುವ ಪ್ರಾದೇಶಿಕ ಸುತ್ತುಗಳಲ್ಲಿ ಸಾಮಾನ್ಯವಾಗಿ ಇಬ್ಬರು ಒಂದೇ ಗೂಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕೃತಿಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳುತ್ತಲೇ ಬರೆಯಬೇಕು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಬ್ಯಾಂಡ್ ಸ್ವರಲಿಪಿಯಲ್ಲಿ ಹತ್ತು ಬಾರ್ ಮುಂದೆ ಹೋಗಿರುತ್ತದೆ. ಮೊದಲ ಬ್ಯಾಂಡಿಗೆ ಕೊಟ್ಟ ಅಂಕ ಮುಂದಿನವಕ್ಕೆಲ್ಲ ಮಾನದಂಡವಾಗುವುದರಿಂದ ಅದೇ ಎಲ್ಲಕ್ಕಿಂತ ಕಷ್ಟದ್ದು. ಕೊನೆಯ ಬ್ಯಾಂಡ್ ಬರುವ ಹೊತ್ತಿಗೆ ಮೊದಲಿನದು ನೆನಪಿನಲ್ಲಿ ಮಸುಕಾಗಿರುತ್ತದೆ. ಆಗ ಕೈಹಿಡಿಯುವುದು ಬೆಳಗ್ಗೆ ಬರೆದ ಟಿಪ್ಪಣಿ. ಸ್ಯಾಡಲ್‌ವರ್ತ್, ಟೇಮ್‌ಸೈಡ್ ಹಳ್ಳಿಗಳಲ್ಲಿ 1884ರಿಂದ ನಡೆದುಬಂದಿರುವ ವಿಟ್ ಫ್ರೈಡೇ ಸ್ಪರ್ಧೆಯಲ್ಲಿ ತೀರ್ಪುಗಾರರು ಕಾರವಾನಿನಲ್ಲೋ ಯಾವುದೋ ಮಹಡಿಯ ಕೋಣೆಯಲ್ಲೋ ಪರದೆ ಎಳೆದುಕೊಂಡು ಕೂರುತ್ತಾರೆ. ಬ್ಯಾಂಡುಗಳು ಬಸ್ಸಿನಿಂದಿಳಿದು ಬೀದಿಯಲ್ಲಿ ನಡೆಯುತ್ತಾ ಬಂದು, ನಿಂತು ತಮ್ಮ ಆಯ್ಕೆಯ ಒಂದು ಮಾರ್ಚ್ ನುಡಿಸಿ, ಮುಂದಿನ ಹಳ್ಳಿಗೆ ಧಾವಿಸುತ್ತವೆ. ರಾತ್ರಿಯವರೆಗೆ ಹತ್ತಾರು ಬ್ಯಾಂಡುಗಳು, ಹಲವು ಸಲ ಅದೇ ಮಾರ್ಚ್.

ಡೇರೆಯೊಂದರಿಂದಲೇ ನಂಬಿಕೆ ಹುಟ್ಟದು. ಸಣ್ಣ ಲೋಕ ಅದು. ತಾನು ತಿದ್ದಿದ ಮುಖ್ಯ ಕಾರ್ನೆಟ್ ವಾದಕನ ನಾದವನ್ನು ಹಳೆಯ ಗುರು ಪರದೆಯ ಹಿಂದಿನಿಂದಲೂ ಗುರುತಿಸಬಲ್ಲ. ಹಾಗಾಗಿ ಇತ್ತೀಚೆಗೆ ತರಬೇತಿ ಕೊಟ್ಟ ಬ್ಯಾಂಡ್ ಇರುವ ಸ್ಪರ್ಧೆಗೆ ಕರೆ ಬಂದರೆ ಒಲ್ಲೆ ಎನ್ನುವುದು ಕಸುಬಿನ ಮರ್ಯಾದೆ. ನೆದರ್‌ಲ್ಯಾಂಡ್ಸಿನ ಕೆರ್ಕ್ರಾಡೆಯಲ್ಲಿ 1951ರಿಂದ ನಡೆಯುತ್ತಿರುವ ವಿಶ್ವ ಸಂಗೀತ ಸ್ಪರ್ಧೆಯಲ್ಲಿ ತೀರ್ಪುಗಾರರು ಪರದೆಯಿಲ್ಲದೆ ಎಲ್ಲರಿಗೂ ಕಾಣುವಂತೆ ಕೂರುತ್ತಾರೆ. ಅದನ್ನು ಕಂಡು ಬ್ರಿಟನ್ನಿನಲ್ಲೂ ಗೂಡು ಬೇಡವೆನ್ನುವ ವಾದ ಆಗಾಗ ಏಳುತ್ತದೆ. ವೇದಿಕೆಯ ಮೇಲಿನ ಚಲನೆ, ಬೆಳಕು, ನಿರೂಪಣೆಗಳಿಗೂ ಅಂಕವಿರುವ ಮನರಂಜನಾ ಸ್ಪರ್ಧೆಗಳಲ್ಲಿ ಅದು ಈಗಾಗಲೇ ಹೋಗಿದೆ. ದೊಡ್ಡ ಚಾಂಪಿಯನ್‌ಶಿಪ್‌ಗಳಲ್ಲಿ ಮಾತ್ರ ಬ್ಯಾಂಡಿನವರೇ ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ.

ಗಣಿಗಳೂ ಗಿರಣಿಗಳೂ ಮುಚ್ಚಿದ ಮೇಲೆ ವಾದಕರು ಬರುವ ದಾರಿ ಬದಲಾಯಿತು. ಗ್ರೈಮ್‌ಥಾರ್ಪ್ ಗಣಿ 1993ರಲ್ಲಿ ಮುಚ್ಚಿತು, ಬ್ಯಾಂಡ್ ಉಳಿಯಿತು. ಆದರೆ ಅದರಲ್ಲಿ ನುಡಿಸುವವರು ಈಗ ಗಣಿಯವರಲ್ಲ. ಸಾಲ್ಫರ್ಡ್, ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯಗಳಲ್ಲಿ, ಮ್ಯಾಂಚೆಸ್ಟರಿನ ರಾಯಲ್ ನಾರ್ದರ್ನ್ ಕಾಲೇಜಿನಲ್ಲಿ ಕಲಿತವರು ಮುಂಚೂಣಿಯ ಬ್ಯಾಂಡುಗಳನ್ನು ತುಂಬಿದ್ದಾರೆ. ತೀರ್ಪುಗಾರರಿಗೂ ತಮ್ಮದೇ ಸಂಘವಿದೆ. ಹೊಸಬರು ಹಿರಿಯರ ಜೊತೆ ಕೂತು ಕೇಳುವುದನ್ನೂ ಬರೆಯುವುದನ್ನೂ ಕಲಿಯುತ್ತಾರೆ. ಬಹುಕಾಲ ಗಂಡಸರದೇ ಆಗಿದ್ದ ಆ ಕುರ್ಚಿಗೆ ಹೆಂಗಸರೂ ಬರತೊಡಗಿದ್ದಾರೆ, ಆದರೆ ಬ್ಯಾಂಡುಗಳಲ್ಲಿ ನುಡಿಸುವ ಹೆಂಗಸರ ಸಂಖ್ಯೆಗೆ ಹೋಲಿಸಿದರೆ ಇನ್ನೂ ತೀರ ಕಡಿಮೆ.