ರವಿಕುಮಾರ್ ಕಾಶಿ: ಮುದ್ರಣ ಕಲೆಯಿಂದ ಕಾಗದದ ಕಲೆಯವರೆಗೆ

ರಾಜ್ಯದ ಸಮಕಾಲೀನ ಕಲಾವಿದರಲ್ಲಿ ಒಬ್ಬರಾದ ಶ್ರೀ ರವಿಕುಮಾರ್ ಕಾಶಿ ಅವರು 1968ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಮುದ್ರಣ ಕಲೆ, ರೇಖಾಚಿತ್ರ, ವರ್ಣಚಿತ್ರ, ಛಾಯಾಚಿತ್ರ ಹಾಗೂ ಕೈಕಾಗದ ಮಾಧ್ಯಮಗಳಲ್ಲಿ ಕೃತಿಗಳನ್ನು ರಚಿಸಿರುವ ಇವರು ಕಲೆಯನ್ನು ಕುರಿತು ಕನ್ನಡದಲ್ಲಿ ಬರೆಯುವ ಲೇಖಕರೂ ಆಗಿರುತ್ತಾರೆ. ಸಾರ್ವಜನಿಕರು ಹಾಗೂ ಕಲಾ ಶಿಕ್ಷಣಕ್ಕೆ ಸೇರಬಯಸುವ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಇವರ ವೃತ್ತಿಜೀವನದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಶಿಕ್ಷಣ

ಶ್ರೀಯುತರು ಬೆಂಗಳೂರಿನ ಕಾಲೇಜ್ ಆಫ್ ಫೈನ್ ಆರ್ಟ್ಸ್‌ನಲ್ಲಿ ವರ್ಣಚಿತ್ರ ವಿಷಯದಲ್ಲಿ ವ್ಯಾಸಂಗ ಮಾಡಿ 1988ರಲ್ಲಿ ಪದವಿ ಪಡೆದರು. ತರುವಾಯ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಿಂದ 1990ರಲ್ಲಿ ಮುದ್ರಣ ಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಜ್ಯೋತಿ ಭಟ್ಟರಂತಹ ಹಿರಿಯ ಮುದ್ರಣ ಕಲಾವಿದರು ದೀರ್ಘಕಾಲ ಪಾಠ ಹೇಳಿದ ಲಲಿತಕಲಾ ವಿಭಾಗವು ಇದೇ ವಿಶ್ವವಿದ್ಯಾಲಯದ್ದಾಗಿದೆ. 1995ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಎಂ.ಎ. ಪದವಿಯನ್ನೂ ಅವರು ಪಡೆದರು. ಕಲಾವಿದರೊಬ್ಬರಿಗೆ ಇದು ಅನಗತ್ಯವೆಂದು ಮೊದಲ ನೋಟಕ್ಕೆ ತೋರಬಹುದಾದರೂ ಅವರ ಮುಂದಿನ ಬರವಣಿಗೆಯನ್ನು ಗಮನಿಸಿದಲ್ಲಿ ಹಾಗೆನಿಸುವುದಿಲ್ಲ.

ಮುದ್ರಣ ಕಲೆಯ ಸ್ವರೂಪ

ಮುದ್ರಣ ಕಲೆ ಎಂದಾಕ್ಷಣ ಅನೇಕರು ಛಾಪಖಾನೆಯ ಕೆಲಸವೆಂದು ಭಾವಿಸುವುದುಂಟು. ಕಲಾ ಕ್ಷೇತ್ರದಲ್ಲಿ ಈ ಪದದ ಅರ್ಥ ಬೇರೆ. ಕಲಾವಿದನು ಮರ, ಲಿನೋಲಿಯಂ, ಕಲ್ಲು ಅಥವಾ ಲೋಹದ ಮೇಲೆ ತಾನೇ ಚಿತ್ರವನ್ನು ಸಿದ್ಧಪಡಿಸಿ, ಅದರಿಂದ ಪ್ರತಿಗಳನ್ನು ತೆಗೆಯುತ್ತಾನೆ. ಎಚ್ಚಿಂಗ್ ವಿಧಾನದಲ್ಲಿ ತಾಮ್ರ ಅಥವಾ ಸತುವಿನ ತಗಡಿಗೆ ಲೇಪ ಹಚ್ಚಿ, ಸೂಜಿಯಿಂದ ರೇಖೆ ಎಳೆದು, ಆಮ್ಲದಲ್ಲಿ ಅದ್ದಲಾಗುತ್ತದೆ. ಲೇಪ ಹೋದ ಕಡೆಯಲ್ಲಿ ಮಾತ್ರ ಆಮ್ಲವು ಲೋಹವನ್ನು ತಿನ್ನುತ್ತದೆ. ಹೀಗೆ ಉಂಟಾದ ಗೀರುಗಳಲ್ಲಿ ಶಾಯಿ ತುಂಬಿ, ತೇವಗೊಳಿಸಿದ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿದಾಗ ಚಿತ್ರ ಮೂಡುತ್ತದೆ. ಬೀದರಿನ ಬಿದ್ರಿ ಕುಶಲಕರ್ಮಿಗಳು ಲೋಹದಲ್ಲಿ ಕೊರೆದ ಗೀರಿಗೆ ಬೆಳ್ಳಿ ಕೂರಿಸುವುದನ್ನು ಕಂಡಿರುವ ನಮ್ಮ ಭಾಗದವರಿಗೆ ಇದನ್ನು ಊಹಿಸುವುದು ಕಷ್ಟವಾಗಲಾರದು. ಅಲ್ಲಿ ಗೀರಿನಲ್ಲಿ ಬೆಳ್ಳಿ ಉಳಿಯುತ್ತದೆ, ಇಲ್ಲಿ ಶಾಯಿ ಕಾಗದಕ್ಕೆ ಹೋಗುತ್ತದೆ.

ಇಂತಹ ಪ್ರತಿಗಳ ಕೆಳಭಾಗದಲ್ಲಿ ಸಾಮಾನ್ಯವಾಗಿ ಪೆನ್ಸಿಲ್‌ನಿಂದ ಕಲಾವಿದರ ಸಹಿ ಹಾಗೂ 3/20 ಎಂಬಂತಹ ಸಂಖ್ಯೆ ಇರುತ್ತದೆ. ಒಟ್ಟು 20 ಪ್ರತಿಗಳಲ್ಲಿ ಇದು ಮೂರನೆಯದು ಎಂದು ಇದರ ಅರ್ಥ. ರಸೀದಿ ಪುಸ್ತಕದ ಕ್ರಮಸಂಖ್ಯೆಯಂತೆ ಇದು ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವ ಕ್ರಮವಾಗಿದೆ. ಇಪ್ಪತ್ತೂ ಪ್ರತಿಗಳು ಮೂಲ ಕೃತಿಗಳೇ ಆಗಿದ್ದು, ವರ್ಣಚಿತ್ರವೊಂದರ ಫೋಟೋ ತೆಗೆದು ಯಂತ್ರದಲ್ಲಿ ಅಚ್ಚು ಮಾಡಿದ ನಕಲನ್ನು ಇವುಗಳೊಂದಿಗೆ ಸೇರಿಸಲಾಗದು. ಖರೀದಿಸುವವರು ಈ ವ್ಯತ್ಯಾಸವನ್ನು ಹಣ ಪಾವತಿಸುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಕಾಗದದ ಕಡೆಗೆ

ಮುದ್ರಣ ಕಲೆಯನ್ನು ಅಭ್ಯಸಿಸಿದವರಿಗೆ ಕಾಗದದ ಗುಣ ತಿಳಿದಿರಲೇಬೇಕು. ಅದು ಎಷ್ಟು ನೀರು ಹೀರುತ್ತದೆ, ಒತ್ತಡಕ್ಕೆ ಹೇಗೆ ಬಾಗುತ್ತದೆ ಎಂಬುದರ ಮೇಲೆ ಪ್ರತಿಯ ಗುಣಮಟ್ಟ ನಿಂತಿರುತ್ತದೆ. ಆದರೆ ಬಹುತೇಕ ಕಲಾವಿದರು ಕಾಗದವನ್ನು ಅಂಗಡಿಯಿಂದ ತರುತ್ತಾರೆ. ಶ್ರೀ ಕಾಶಿಯವರು ಅದನ್ನು ತಯಾರಿಸುವುದನ್ನೇ ಕಲಿಯಲು ಹೊರಟರು. 2001ರಲ್ಲಿ ಬ್ರಿಟನ್ನಿನ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್‌ನಲ್ಲಿ ಕೈಕಾಗದ ತಯಾರಿಕೆಯನ್ನೂ, 2009ರಲ್ಲಿ ದಕ್ಷಿಣ ಕೊರಿಯಾದ ಜಾಂಗ್ ಜಿ ಬಾಂಗ್‌ನಲ್ಲಿ ಅಲ್ಲಿನ ಸಾಂಪ್ರದಾಯಿಕ ಕಾಗದವಾದ 'ಹಂಜಿ'ಯ ತಯಾರಿಕೆಯನ್ನೂ ಅವರು ಕಲಿತರು. ಆ ವೇಳೆಗೆ ಅವರು ಸ್ನಾತಕೋತ್ತರ ಪದವಿ ಪಡೆದು ಹತ್ತೊಂಬತ್ತು ವರ್ಷಗಳಾಗಿದ್ದವು.

ಹಂಜಿಯನ್ನು ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಗಿಡವೊಂದರ ತೊಗಟೆಯಿಂದ ತಯಾರಿಸಲಾಗುತ್ತದೆ. ಒಳತೊಗಟೆಯನ್ನು ಬಿಡಿಸಿ, ಬೂದಿಯ ಕ್ಷಾರದಲ್ಲಿ ಬೇಯಿಸಿ, ತೊಳೆದು, ನಾರು ಬಿಡುವಂತೆ ಜಜ್ಜುತ್ತಾರೆ. ಅದನ್ನು ನೀರಿನ ತೊಟ್ಟಿಗೆ ಹಾಕಿ, ಬೆಂಡೆಯ ಜಾತಿಯ ಗಿಡವೊಂದರ ಬೇರಿನ ಲೋಳೆಯನ್ನು ಬೆರೆಸುತ್ತಾರೆ. ಲೋಳೆಯಿಂದಾಗಿ ನಾರು ತಳಕ್ಕೆ ಇಳಿಯದೆ ನೀರಿನಲ್ಲಿ ಸಮನಾಗಿ ತೇಲುತ್ತದೆ. ಬಿದಿರಿನ ಚಾಪೆಯಿಂದ ಎತ್ತಿ ಒಣಗಿಸಿದ ಹಾಳೆಯು ತೆಳುವಾಗಿದ್ದರೂ, ನಾರು ಉದ್ದವಿರುವುದರಿಂದ ಸುಲಭವಾಗಿ ಹರಿಯುವುದಿಲ್ಲ.

ಈ ಕಲಿಕೆಯ ಫಲವಾಗಿ ಅವರ ಕೃತಿಗಳಲ್ಲಿ ಕಾಗದದ ಸ್ಥಾನವೇ ಬದಲಾಯಿತು. ಮೊದಲು ಚಿತ್ರವನ್ನು ಹೊರುವ ಹಾಳೆಯಾಗಿದ್ದ ಕಾಗದವು ಕ್ರಮೇಣ ತಾನೇ ಚಿತ್ರವಾಯಿತು. ನಾರಿನ ಮುದ್ದೆಯನ್ನು ಹಾಳೆಯಾಗಿ ಹರಡದೆ, ಎಳೆಎಳೆಯಾಗಿ ಹಾಗೂ ಅಕ್ಷರಗಳ ಆಕಾರದಲ್ಲಿ ಬಿಟ್ಟು ಒಣಗಿಸಿ, ಬಲೆಯಂತೆ ತೂಗುಹಾಕುವ ಕೃತಿಗಳನ್ನು ಅವರು ರಚಿಸಿದ್ದಾರೆ. ಇಂತಹ ಕೃತಿಯಲ್ಲಿ ರೇಖೆ ಇದೆ, ಆದರೆ ರೇಖೆಯ ಹಿಂದೆ ಹಾಳೆ ಇಲ್ಲ. ಅದರ ನೆರಳು ಗೋಡೆಯ ಮೇಲೆ ಬಿದ್ದಾಗ ಎರಡನೆಯ ರೇಖಾಚಿತ್ರವೊಂದು ದೊರೆಯುತ್ತದೆ. ಇದನ್ನು ಮುದ್ರಣ ಕಲೆಯೆನ್ನಬೇಕೋ ಶಿಲ್ಪವೆನ್ನಬೇಕೋ ಎಂಬುದು ಅರ್ಜಿ ನಮೂನೆಗಳಲ್ಲಿ 'ಕಲಾ ಪ್ರಕಾರ' ಎಂಬ ಅಂಕಣವನ್ನು ಭರ್ತಿ ಮಾಡುವವರಿಗೆ ತೊಡಕಾಗುವ ಪ್ರಶ್ನೆಯೇ ಸರಿ.

ಫ್ಲೆಕ್ಸ್ ಕುರಿತ ಅಧ್ಯಯನ

ಶ್ರೀ ಕಾಶಿಯವರು ಬೀದಿಯ ಮುದ್ರಣವನ್ನೂ ಗಮನಿಸಿದ್ದಾರೆ. ಬೆಂಗಳೂರಿನ ರಸ್ತೆಗಳಲ್ಲಿ ಕಟ್ಟಲಾಗುತ್ತಿದ್ದ ಫ್ಲೆಕ್ಸ್‌ಗಳ ಚಿತ್ರಗಳನ್ನೂ, ಅವುಗಳಲ್ಲಿ ಅಧಿಕಾರವು ತನ್ನನ್ನು ತೋರಿಸಿಕೊಳ್ಳುವ ಬಗೆಯನ್ನೂ ಕುರಿತ ಅವರ 'ಫ್ಲೆಕ್ಸಿಂಗ್ ಮಸಲ್ಸ್' ಎಂಬ ಇಂಗ್ಲಿಷ್ ಪುಸ್ತಕವು 2019ರಲ್ಲಿ ಪ್ರಕಟವಾಯಿತು. ಯಾರ ಮುಖ ದೊಡ್ಡದು, ಯಾರ ಮುಖ ಕೆಳಸಾಲಿನಲ್ಲಿ ಚಿಕ್ಕದು ಎಂಬುದನ್ನು ಆಳಂದ, ಅಫಜಲಪುರ, ಜೇವರ್ಗಿಗಳ ವೃತ್ತಗಳಲ್ಲಿ ನಿಂತು ನೋಡಿದವರಿಗೂ ಈ ವಿಷಯ ಹೊಸದಲ್ಲ. ರಾಜ್ಯ ಸರ್ಕಾರದ 2016ರ ಮಾರ್ಚ್ ತಿಂಗಳ ಪ್ಲಾಸ್ಟಿಕ್ ನಿಷೇಧ ಅಧಿಸೂಚನೆಯಲ್ಲಿ ಫ್ಲೆಕ್ಸ್ ಸಹ ಸೇರಿತ್ತು. 2018ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಅನಧಿಕೃತ ಫ್ಲೆಕ್ಸ್‌ಗಳನ್ನು ತೆರವುಗೊಳಿಸಿತು.

ಫ್ಲೆಕ್ಸ್ ಬಂದ ಮೇಲೆ ಊರೂರಿನಲ್ಲಿ ಕುಂಚದಿಂದ ಬೋರ್ಡು ಬರೆಯುತ್ತಿದ್ದ ಕಲಾವಿದರ ಕೆಲಸ ಕಡಿಮೆಯಾಯಿತು. ಅವರು ಬರೆದ ಅಕ್ಷರಗಳಲ್ಲಿ ಪ್ರತಿಯೊಬ್ಬರ ಕೈಬರಹದ ಗುರುತಿರುತ್ತಿತ್ತು. ಒಂದು ಕಂಪ್ಯೂಟರ್ ಕಡತದಿಂದ ಎಷ್ಟು ಬೇಕಾದರೂ ತೆಗೆಯಬಹುದಾದ ಫ್ಲೆಕ್ಸ್‌ಗೆ 3/20 ಎಂಬ ಲೆಕ್ಕವಿಲ್ಲ, ಸಹಿಯೂ ಇಲ್ಲ.

ಬರವಣಿಗೆ

ದೃಶ್ಯ ಸಂಸ್ಕೃತಿಯನ್ನು ಕುರಿತ 'ಕಣ್ನೆಲೆ' ಇವರ ಕನ್ನಡ ಕೃತಿ. ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುವ ಪುಸ್ತಕಗಳು ವಿರಳವಾಗಿರುವುದರಿಂದ, ಕಲಾ ಶಾಲೆಗಳ ಪ್ರವೇಶಕ್ಕೆ ಸಿದ್ಧರಾಗುತ್ತಿರುವ ಅಭ್ಯರ್ಥಿಗಳು ಇದನ್ನು ಗ್ರಂಥಾಲಯಗಳಲ್ಲಿ ವಿಚಾರಿಸಬಹುದಾಗಿದೆ.