ಹೊಸ ಯಂತ್ರದ ಅಭ್ಯಂಜನ

ಹೊಸ ಲೇತಿನ ಮರದ ಪೆಟ್ಟಿಗೆ ಒಡೆದ ಕಾರ್ಖಾನೆಯ ಮಿತ್ರರಿಗೆ ಗೊತ್ತು, ಮೊದಲು ಕೈಗೆ ಮೆತ್ತುವುದು ಕಂದು ಬಣ್ಣದ ಅಂಟು ಗ್ರೀಸು. ಅದನ್ನು ಶಪಿಸದವರಿಲ್ಲ. ಆದರೆ ಅದಕ್ಕೂ ಒಂದು ಚರಿತ್ರೆಯುಂಟು.

ಕಬ್ಬಿಣಕ್ಕೆ ನೀರೂ ಗಾಳಿಯೂ ಸೇರಿದರೆ ತುಕ್ಕು. ಉಪ್ಪು ಬೆರೆತರೆ ಇನ್ನೂ ಬೇಗ. ಹಡಗಿನ ಪ್ರಯಾಣದಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ಹೊಳಪಿನ ಭಾಗಗಳಿಗೆ ದನದ ಕೊಬ್ಬು ಮತ್ತು ಸಫೇತವನ್ನು ಕಲಸಿ ಬಳಿಯುತ್ತಿದ್ದರು. ಕೊಬ್ಬು ಹಳತಾದರೆ ಕೆಟ್ಟು ಆಮ್ಲವಾಗುತ್ತದೆ, ಆ ಆಮ್ಲ ಲೋಹವನ್ನೇ ತಿನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತೈಲಬಾವಿ ಕೊರೆದ ಮೇಲೆ ಬೇರೆ ದಾರಿ ತೋರಿತು. ಬಾವಿಯ ಸರಳುಗಳಿಗೆ ಮೆತ್ತಿ ಕೆಲಸಗಾರರಿಗೆ ಕಾಟ ಕೊಡುತ್ತಿದ್ದ ಮೇಣದಂಥ ಜಿಡ್ಡನ್ನು ಶುದ್ಧಿಮಾಡಿ, ಚೀಸ್‌ಬ್ರೋ ಎಂಬ ರಸಾಯನಜ್ಞ 1872ರಲ್ಲಿ ವ್ಯಾಸಲೀನಿಗೆ ಪೇಟೆಂಟು ಪಡೆದ. ಫಿಲಡೆಲ್ಫಿಯದ ಹೌಟನ್ ಕಂಪನಿಯ ಕಾಸ್ಮೊಲಿನ್ ಅದೇ ಜಾತಿಯದು. ಅದೂ ಮೊದಲು ಮುಲಾಮಾಗಿಯೇ ಮಾರಾಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಂದೂಕುಗಳು ಇದನ್ನೇ ಬಳಿದುಕೊಂಡು ಸಮುದ್ರ ದಾಟಿದವು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಹುಟ್ಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲೇ ಲೇತುಗಳು ತಯಾರಾಗತೊಡಗಿದವು. ಹಡಗು ಹತ್ತುವುದು ತಪ್ಪಿದರೂ ಮಳೆಗಾಲದ ತೇವ ತಪ್ಪೀತೆ?

ಇನ್ನು ತೆಗೆಯುವ ಬಗೆ. ದಾರಿಯ ಮರಳು, ಪೆಟ್ಟಿಗೆಯ ಸಿಬಿರು ಎಲ್ಲ ಗ್ರೀಸಿನಲ್ಲಿ ಹುದುಗಿರುತ್ತವೆ. "ಒಮ್ಮೆ ನಡೆಸಿ ನೋಡೋಣ" ಎಂದು ಅವಸರದಿಂದ ಸ್ಯಾಡಲನ್ನು ಸರಿಸಿದರೆ ಆ ಮರಳು ಲೇತಿನ ಹಾಸನ್ನು ಗೀರುತ್ತದೆ. ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಉಜ್ಜಿದ ಹಾಸು ಅದು. ಗೀರು ಬಿದ್ದರೆ ಹೋದ ನಿಖರತೆ ಮರಳಿ ಬಾರದು. ಆದ್ದರಿಂದ ಮೊದಲು ಮರದ ಚಕ್ಕೆಯಿಂದ ಹೆರೆಯಬೇಕು. ಉಕ್ಕಿನ ಉಳಿ, ಎಮರಿ ಕಾಗದ ಸಲ್ಲವು. ಉಳಿದದ್ದಕ್ಕೆ ಸೀಮೆಎಣ್ಣೆ. ಅದೂ ಅದೇ ಬಾವಿಯ ಸಂತಾನ, ಹಾಗಾಗಿಯೇ ಗ್ರೀಸು ಅದರಲ್ಲಿ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಪೆಟ್ರೋಲೂ ಕರಗಿಸುತ್ತದೆ, ಆದರೆ ಬೆಂಕಿಯ ಭಯ.

ಚಕ್ಕನ್ನು ಹೊರಗಿಂದ ಒರೆಸಿದರೆ ಸಾಲದು. ಒಳಗೆ ಉಳಿದ ಜಿಡ್ಡು, ತಿರುಗಿದೊಡನೆ ಮುಖಕ್ಕೇ ಸಿಡಿಯುತ್ತದೆ! ದವಡೆಗಳನ್ನು ಬಿಚ್ಚಿ ತೊಳೆದು, ಮೇಲಿನ 1, 2, 3 ಅಂಕಿಗಳನ್ನು ನೋಡಿ ಅದೇ ಕ್ರಮದಲ್ಲಿ ಕೂಡಿಸಬೇಕು.

ನಮ್ಮ ಅಭ್ಯಂಜನದಲ್ಲಿ ಎಣ್ಣೆ ಮೊದಲು, ಸೀಗೆಪುಡಿ ಆಮೇಲೆ. ಯಂತ್ರಕ್ಕೆ ಮಿಂದ ಮೇಲೂ ಎಣ್ಣೆ ಬೇಕು. ಸೀಮೆಎಣ್ಣೆ ಆರಿದ ಲೋಹ ಬತ್ತಲೆ. ಮುಂಬಯಿಯ ಜುಲೈ ತಿಂಗಳಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಬೆರಳಚ್ಚುಗಳೆಲ್ಲ ಕೆಂಪಾಗಿ ಮೂಡಿರುತ್ತವೆ.